ಸನ್ಯಾಸಿಯ ಉಗ್ರಾಣದಲ್ಲಿ ಉಪ್ಪಿನಕಾಯಿ

ಉಣ್ಣುವುದನ್ನು ನಾಳೆಗೆಂದು ಎತ್ತಿಡಬಾರದು ಎಂಬುದು ಬೌದ್ಧ ಭಿಕ್ಷುಗಳಿಗೆ ಅವರ ಶಿಸ್ತಿನ ಸಂಹಿತೆಯಾದ ವಿನಯ ಹಾಕಿಕೊಟ್ಟ ಕಟ್ಟಳೆ. ಬುದ್ಧನ ಶಿಷ್ಯ ಆನಂದನಿಗೆ ಉಪಾಧ್ಯಾಯನಾಗಿದ್ದ ಬೇಲಟ್ಠಸೀಸ ಅನ್ನ ಒಣಗಿಸಿಟ್ಟುಕೊಂಡು, ಬೇಕಾದಾಗ ನೆನೆಸಿ ತಿನ್ನುತ್ತಿದ್ದನಂತೆ. ಈ ಕಟ್ಟಳೆ ಹುಟ್ಟಿದ್ದೇ ಅದರಿಂದ ಎನ್ನುತ್ತದೆ ಪಾಲಿ ವಿನಯಪಿಟಕ. ಹಾಗಿದ್ದರೆ ಜಪಾನಿನ ಝೆನ್ ಮಠಗಳ ಉಗ್ರಾಣದಲ್ಲಿರುವ ಮೂಲಂಗಿ ಉಪ್ಪಿನಕಾಯಿಯ ಪೀಪಾಯಿಗಳಿಗೆ ಏನನ್ನೋಣ? ತಾಕುವಾನ್ ಎಂಬ ಈ ಉಪ್ಪಿನಕಾಯಿ ಕೂಡಿಡುವುದಕ್ಕೆಂದೇ ಆಗುವಂಥದ್ದು. ಮೂಲಂಗಿಯನ್ನು ಚಳಿಗಾಳಿಗೆ ತೂಗುಹಾಕಿ, ಎರಡು ತುದಿ ಹಿಡಿದರೆ ಮುರಿಯದೆ ಬಾಗುವಷ್ಟು ಬಾಡಿಸಿ, ತೌಡು ಮತ್ತು ಉಪ್ಪಿನ ನಡುವೆ ಒತ್ತೊತ್ತಾಗಿ ಜೋಡಿಸಿ, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಬಿಡುತ್ತಾರೆ. ಇದನ್ನು ಮೊದಲು ಮಾಡಿದವನು ಝೆನ್ ಗುರು ತಾಕುವಾನ್ ಸೋಹೋ (1573–1645) ಎಂಬ ಕಥೆಯೂ ಇದೆ. ಕಥೆ ನಿಜವಿರಲಿ ಸುಳ್ಳಿರಲಿ, ಪ್ರಶ್ನೆಯಂತೂ ಉಳಿಯುತ್ತದೆ.

ಪೀಪಾಯಿ ಕಟ್ಟಳೆಯ ಅಕ್ಷರವನ್ನು ಮೀರಿದೆ, ಆಶಯವನ್ನಲ್ಲ ಎಂಬುದು ನನ್ನ ನಿಲುವು. ಬೇಲಟ್ಠಸೀಸ ಹೊಟ್ಟೆಬಾಕನಲ್ಲ, ಏಕಾಂತಪ್ರಿಯ. ಭಿಕ್ಷೆಗೆ ಪದೇ ಪದೇ ಊರಿಗೆ ಹೋಗುವುದು ತಪ್ಪಲಿ ಎಂದಷ್ಟೇ ಅವನ ಲೆಕ್ಕ. ಊರಿನ ಹಂಗು ಕಡಿದುಕೊಳ್ಳುವ ಆ ಲೆಕ್ಕವೇ ದೋಷ ಎಂದು ನನಗನ್ನಿಸುತ್ತದೆ. ಝೆನ್ ಮಠದ ಪೀಪಾಯಿ ತುಂಬುವುದು ಹಂಗಿನಿಂದಲೇ: ಚಳಿಗಾಲ ಹತ್ತಿರವಾದಾಗ ಸನ್ಯಾಸಿಗಳು ರೈತರ ಮನೆಗಳಿಗೆ ಹೋಗಿ ಮೂಲಂಗಿಯನ್ನೇ ಭಿಕ್ಷೆ ಬೇಡಿ ತರುವ ರೂಢಿ ಅಲ್ಲಿದೆ. ಹಾಗೆ ತಂದದ್ದು ಯಾರೊಬ್ಬನ ಸ್ವತ್ತೂ ಅಲ್ಲ. ಊಟದ ಕೊನೆಗೆ ಅವರು ಒಂದು ಹೋಳು ಉಳಿಸಿಕೊಂಡು, ಬಟ್ಟಲಿಗೆ ಬಿಸಿನೀರು ಹಾಕಿಸಿಕೊಂಡು, ಅಂಟಿದ ಗಂಜಿಯನ್ನು ಆ ಹೋಳಿನಿಂದಲೇ ಉಜ್ಜಿ ಬಿಡಿಸಿ, ಹೋಳನ್ನು ತಿಂದು ನೀರನ್ನೂ ಕುಡಿಯುತ್ತಾರೆ. ಕೂಡಿಟ್ಟದ್ದೇ ಇಲ್ಲಿ ಒಂದಗುಳೂ ಉಳಿಯದ ಹಾಗೆ ನೋಡಿಕೊಳ್ಳುತ್ತದೆ.

ಎಲ್ಲವೂ ಅನಿತ್ಯ ಎನ್ನುವವರು ಕೊಳೆಯುವುದನ್ನು ತಡೆದು ನಿಲ್ಲಿಸಬಹುದೇ ಎಂದು ಕೇಳಬಹುದು. ಆದರೆ ತೌಡಿನಲ್ಲಿ ಮೂಲಂಗಿ ಇದ್ದಂತೆ ಇರುವುದಿಲ್ಲ: ಉಪ್ಪು ನೀರೆಳೆಯುತ್ತದೆ, ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಹುಳಿಯಾಗಿಸುತ್ತವೆ, ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಬದಲಾವಣೆ ನಿಂತಿಲ್ಲ, ಅದರ ದಾರಿ ಬೇರೆಯಾಗಿದೆ ಅಷ್ಟೆ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು: ಇಂಥ ಸಮಜಾಯಿಷಿ ಒಮ್ಮೆ ಕೊಟ್ಟರೆ ಎಲ್ಲಿಗೆ ನಿಂತೀತು? ಮಧ್ಯಯುಗದ ದೊಡ್ಡ ಝೆನ್ ಮಠಗಳು ಜಮೀನು ಮಾಡಿಕೊಂಡವು, ಬಡ್ಡಿಗೆ ಸಾಲವನ್ನೂ ಕೊಟ್ಟವು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೂ ಬಡ್ಡಿಯ ಹಣ ಇಟ್ಟಷ್ಟೂ ಬೆಳೆಯುತ್ತದೆ. ಪೀಪಾಯಿ ಉಂಡಷ್ಟೂ ಬರಿದಾಗುತ್ತದೆ, ಬರಿದಾದ ಮೇಲೆ ಮತ್ತೆ ರೈತನ ಬಾಗಿಲಿಗೇ ಹೋಗಬೇಕು. ಬೇಲಟ್ಠಸೀಸ ತಪ್ಪಿಸಿಕೊಳ್ಳಲು ನೋಡಿದ್ದು ಇದನ್ನೇ.