ಲಕ್ಕಮ್ಮ ಹಿಂದಕ್ಕೆ ಕಳಿಸಿದ ಅಕ್ಕಿ



ಪಿಯುಸಿ ಫಲಿತಾಂಶ ಬಂದು ಸಿಇಟಿ, ನೀಟ್ ಮಾತು ಎಲ್ಲ ಮನೆಗಳಲ್ಲೂ ನಡೆದಿದೆ. ಮಕ್ಕಳನ್ನು ಮಠಕ್ಕೆ ಕರೆತಂದು, ವಿಭೂತಿ ಹಚ್ಚಿಸಿಕೊಂಡ ಮೇಲೆ ಹಿರಿಯರು ಕೇಳುವುದು ಇದನ್ನೇ: ಬುದ್ಧಿ, ಏನು ಓದಿಸಿದರೆ ಕೈತುಂಬ ಸಂಬಳ ಬರುತ್ತದೆ?

ಈ ಪ್ರಶ್ನೆ ಸಣ್ಣದಲ್ಲ. ಎರಡೆಕರೆ ಒಣಭೂಮಿ ನೆಚ್ಚಿಕೊಂಡು, ಸಾಲ ಮಾಡಿ ಮಗಳನ್ನು ಎಂಜಿನಿಯರಿಂಗ್ ಓದಿಸಿದವರು ನಿಮ್ಮಲ್ಲೇ ಇದ್ದೀರಿ. ಆ ಮಗಳು ಬೆಂಗಳೂರಿನ ಕಂಪನಿ ಸೇರಿ ಮನೆಯ ಸಾಲ ತೀರಿಸಿದರೆ, ತಮ್ಮನ ಫೀಸು ಕಟ್ಟಿದರೆ, ಅವಳ ಸಂಬಳದಲ್ಲಿ ದೋಷ ಹುಡುಕುವ ಹಕ್ಕು ಯಾವ ಸ್ವಾಮಿಗೂ ಇಲ್ಲ. ಬಡತನವನ್ನು ಹಾಡಿ ಹೊಗಳುವ ಧರ್ಮ ನಮ್ಮದಲ್ಲ. ಬಸವಣ್ಣನವರೇ ಬಿಜ್ಜಳನಲ್ಲಿ ಕರಣಿಕರಾಗಿ ಸೇರಿ, ಭಂಡಾರಿಯಾಗಿ ರಾಜ್ಯದ ಬೊಕ್ಕಸ ನೋಡಿಕೊಂಡವರು. ಅವರು ಅರಮನೆಯ ಹಣವನ್ನು ಶರಣರಿಗೆ ಸುರಿಯುತ್ತಿದ್ದಾರೆಂದು ಕೊಂಡೆಯರು ದೂರಿದಾಗ ಲೆಕ್ಕ ತೆಗೆಸಲಾಯಿತು, ಒಂದು ಹಾಗವೂ ಕಡಿಮೆ ಬೀಳಲಿಲ್ಲ ಎಂದು ಪುರಾಣಗಳು ಹೇಳುತ್ತವೆ. ದೊಡ್ಡ ಹುದ್ದೆಯಲ್ಲಿ ಕೂತೂ ಕೈ ಶುದ್ಧವಾಗಿ ಇಟ್ಟುಕೊಳ್ಳಬಹುದು.

ಆದರೆ ಇವತ್ತು ನಿಮ್ಮನ್ನು ಇನ್ನೊಂದು ಮನೆಗೆ ಕರೆದೊಯ್ಯಬೇಕು. ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ. ಶರಣರ ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅದನ್ನು ಅಟ್ಟು ಜಂಗಮರಿಗೆ ಬಡಿಸಿ ತಾವೂ ಉಣ್ಣುವುದು ಆ ಮನೆಯ ನೇಮ. ಒಂದು ದಿನ ಅಂಗಳದಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಬಿದ್ದಿತ್ತು. ಪರೀಕ್ಷೆಗೆಂದು ಬಸವಣ್ಣನವರೇ ಚೆಲ್ಲಿಸಿದ್ದರು ಎನ್ನುತ್ತಾರೆ. ಮಾರಯ್ಯ ಎಲ್ಲವನ್ನೂ ಬಾಚಿಕೊಂಡು ಬಂದ. ಲಕ್ಕಮ್ಮ ನೋಡಿದಳು. ಇಷ್ಟು ನಮಗೆ ಯಾಕೆ, ಹೆಚ್ಚಿಗೆಯದನ್ನು ಇದ್ದಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು.

ಅದು ಕದ್ದ ಅಕ್ಕಿ ಅಲ್ಲ ಎಂಬುದನ್ನು ಗಮನಿಸಿ. ಆಯುವುದೇ ಆತನ ಕಾಯಕ, ಬಿದ್ದದ್ದನ್ನು ಆಯ್ದ. ಆದರೂ ಅದರೊಳಗೆ ಸೇರಿಕೊಂಡ ಆಸೆಯನ್ನು ಲಕ್ಕಮ್ಮ ಹಿಡಿದಳು. ದಿನವೂ ಒಲೆಯ ಮುಂದೆ ಕೂರುವವಳಿಗೆ ತನ್ನ ಮನೆಗೆ ಎಷ್ಟು ಅಕ್ಕಿ ಬೇಕೆಂದು ಗೊತ್ತಿತ್ತು. ಶೂನ್ಯಸಂಪಾದನೆಯಲ್ಲಿ ಈ ಪ್ರಸಂಗ ಓದಿದಾಗಲೆಲ್ಲ ನನ್ನ ಮನಸ್ಸು ಅಲ್ಲೇ ನಿಲ್ಲುತ್ತದೆ. ಸಾಕು ಎಂಬ ಮಾತನ್ನು ಅನುಭವ ಮಂಟಪದ ಪೀಠದಿಂದ ಯಾರೂ ಹೇಳಲಿಲ್ಲ. ಅಡುಗೆಮನೆಯಲ್ಲಿ ಹೆಂಡತಿ ಹೇಳಿದಳು, ಗಂಡ ಕೇಳಿದ. ಆ ಆಯ್ದ ಅಕ್ಕಿಯಲ್ಲೇ ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಅವಳು ಉಣಬಡಿಸಿದಳೆಂದು ಪರಂಪರೆ ನೆನೆಯುತ್ತದೆ.

ನಮ್ಮ ಮನೆಗಳಲ್ಲಿ ಈ ಮಾತನ್ನು ಯಾರು ಹೇಳುತ್ತಾರೆ? ಮಗ ಮೊದಲ ಸಂಬಳ ತಂದ ದಿನವೇ ಪಕ್ಕದ ಮನೆಯವನ ಪ್ಯಾಕೇಜ್ ನೆನಪಿಸುತ್ತೇವೆ. ವಧೂವರರ ಸಮಾವೇಶದಲ್ಲಿ ಗುಣ, ನಡತೆಗಿಂತ ಮೊದಲು ವರ್ಷಕ್ಕೆ ಎಷ್ಟು ಲಕ್ಷ ಎಂದು ಕೇಳುತ್ತೇವೆ. 2023ರ ಫೆಬ್ರುವರಿಯಲ್ಲಿ ಮಂಡ್ಯ ಸೀಮೆಯ ಅವಿವಾಹಿತ ಯುವಕರು, ಅವರಲ್ಲಿ ಬಹಳಷ್ಟು ಮಂದಿ ರೈತರು, ಹೆಣ್ಣು ಸಿಗಲಿ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದರು. ಅದನ್ನು ಕೇಳಿ ನಕ್ಕವರಿದ್ದರು. ನನಗೆ ಸಂಕಟವಾಯಿತು. ನಾಡಿಗೆ ಅನ್ನ ಬೆಳೆಯುವ ಕಾಯಕವನ್ನು ನಾವೇ, ಹೆಣ್ಣು ಕೊಡುವ ತೆಗೆದುಕೊಳ್ಳುವ ಹಿರಿಯರೇ, ಇಷ್ಟು ಕೆಳಗೆ ಇಳಿಸಿದ್ದೇವೆ. ಕಲ್ಯಾಣದಲ್ಲಿ ದೋಣಿ ನಡೆಸುವ ಚೌಡಯ್ಯನೂ ಭಂಡಾರಿ ಬಸವಣ್ಣನೂ ಒಂದೇ ಸಾಲಿನಲ್ಲಿ ಕೂತಿದ್ದರೆಂದು ಹೇಳಿಕೊಂಡು ಹೆಮ್ಮೆಪಡುವವರೂ ನಾವೇ.

ಮನೆಯ ಬೇಕುಗಳು ದೊಡ್ಡದಾದಷ್ಟೂ ಮಕ್ಕಳು ಕೆಲಸದಲ್ಲಿ ನೇರವಾಗಿ ನಿಲ್ಲುವುದು ಕಷ್ಟವಾಗುತ್ತದೆ. ಇದನ್ನು ಬಿಡಿಸಿ ಹೇಳಬೇಕು. ಇಪ್ಪತ್ತೈದು ವರ್ಷದ ಹುಡುಗ ಕೆಲಸಕ್ಕೆ ಸೇರಿದ ಕೂಡಲೇ ಇಪ್ಪತ್ತು ವರ್ಷದ ಫ್ಲ್ಯಾಟ್ ಸಾಲ, ಕಾರಿನ ಸಾಲ ಹೊರುತ್ತಾನೆ. ಬ್ಯಾಂಕಿನಲ್ಲಿರುವ ಅವನಿಗೆ ಟಾರ್ಗೆಟ್ ಕೊಡುತ್ತಾರೆ. ಠೇವಣಿ ಇಡಲು ಬಂದ ವೃದ್ಧೆಗೆ ಅವಳಿಗೆ ಅರ್ಥವಾಗದ ವಿಮಾ ಪಾಲಿಸಿ ಮಾಡಿಸು ಎನ್ನುತ್ತಾರೆ. ಇದು ತಪ್ಪೆಂದು ಅವನಿಗೆ ಗೊತ್ತು. ಆದರೆ ಐದನೇ ತಾರೀಕು ಕಂತು ಕಟ್ಟಬೇಕು. ಕೋಟಿ ದಾಟಿದ ಹಣ ಸುರಿದು ಮಗಳಿಗೆ ವೈದ್ಯಕೀಯ ಸೀಟು ಕೊಡಿಸಿದ ಮನೆಯಲ್ಲಿ ಆ ಹಣ ಎಂದು ಬಂದೀತು ಎಂಬ ಲೆಕ್ಕ ಪದವಿಗೆ ಮೊದಲೇ ಶುರುವಾಗಿರುತ್ತದೆ. ಮುಂದೆ ಆ ಮಗಳು ಬೇಡದ ಸ್ಕ್ಯಾನಿಂಗ್ ಬರೆಯುವಾಗ ಅವಳ ಕೈಯ ಹಿಂದೆ ನಮ್ಮ ಕೈಯೂ ಇರುತ್ತದೆ. ಸತ್ಯಶುದ್ಧ ಕಾಯಕ ಎಂದು ಶರಣರು ಕರೆದದ್ದನ್ನು ಮಕ್ಕಳು ತಾವಾಗಿ ಬಿಡುವುದು ಅಪರೂಪ. ಹೆಚ್ಚಿನ ಸಲ ಮನೆಯ ಖರ್ಚು ಬಿಡಿಸುತ್ತದೆ.

ಹಾಗಾದರೆ ಏನು ಓದಿಸಬೇಕು ಎಂದು ನೀವು ಮತ್ತೆ ಕೇಳುತ್ತೀರಿ. ಕೋರ್ಸಿನ ಹೆಸರು ನಾನು ಹೇಳಲಾರೆ. ಒಂದು ಲೆಕ್ಕ ಮಾಡಿ ಎನ್ನಬಲ್ಲೆ. ಆಪ್ಷನ್ ಎಂಟ್ರಿ ತುಂಬುವ ಮೊದಲು ತಂದೆ, ತಾಯಿ, ಮಗು ಒಟ್ಟಿಗೆ ಕೂತು, ನಮ್ಮ ಮನೆ ನಡೆಯಲು ತಿಂಗಳಿಗೆ ಎಷ್ಟು ಬೇಕು, ಸಾಲ ಎಷ್ಟಿದೆ, ದಾಸೋಹಕ್ಕೆ ಎಷ್ಟು ತೆಗೆದಿಡಬೇಕು ಎಂದು ಕಾಗದದ ಮೇಲೆ ಬರೆಯಿರಿ. ದಾಸೋಹವನ್ನು ಉಳಿದರೆ ನೋಡೋಣ ಎಂದು ಕೊನೆಗೆ ಬಿಡಬೇಡಿ. ಆ ಮೊತ್ತ ಅನೇಕ ಕಾಯಕಗಳಲ್ಲಿ ಸಿಗುತ್ತದೆ ಎಂದು ಕಂಡಾಗ ಮಗುವಿನ ಮುಂದಿನ ದಾರಿ ಅಗಲವಾಗುತ್ತದೆ. ಶಾಲೆಯ ಮೇಷ್ಟ್ರು, ನರ್ಸ್, ಕೃಷಿ ಪದವೀಧರ, ಒಳ್ಳೆಯ ಎಲೆಕ್ಟ್ರಿಷಿಯನ್ ಎಲ್ಲರೂ ಆ ಕಾಗದದೊಳಗೆ ಬರುತ್ತಾರೆ. ದೊಡ್ಡ ಸಂಬಳದ ಕೆಲಸಕ್ಕೇ ಮಗುವಿನ ಮನಸ್ಸು ನಿಜವಾಗಿ ಒಲಿದಿದ್ದರೆ ಹೋಗಲಿ, ಸಂತೋಷದಿಂದ ಕಳಿಸಿ.

ಕಳಿಸುವ ಮುನ್ನ ಆ ಕೆಲಸದಲ್ಲಿ ಹತ್ತು ವರ್ಷ ಕಳೆದವರೊಬ್ಬರ ಬಳಿಗೆ ಮಗುವನ್ನು ಕರೆದುಕೊಂಡು ಹೋಗಿ. ಸಂಬಳ ಎಷ್ಟು ಎಂದು ಕೇಳಬೇಡಿ. ಮನೆಯಲ್ಲಿ ಹೇಳಿಕೊಳ್ಳಲಾಗದಂಥದ್ದೇನಾದರೂ ಮಾಡಬೇಕಾಗಿ ಬರುತ್ತದೆಯೇ ಎಂದು ಕೇಳಿ. ಮಗುವೂ ಆ ಉತ್ತರ ಕೇಳಿಸಿಕೊಳ್ಳಲಿ. ಅಂಥದ್ದನ್ನು ಮಾಡು ಎಂದು ನಾಳೆ ಯಾರಾದರೂ ಹೇಳಿದರೆ ಬಿಟ್ಟು ಬಾ, ನಮಗೆ ಇರುವುದೇ ಸಾಕು ಎಂದು ತಾಯಿ ಈಗಲೇ ಹೇಳಿ ಕಳಿಸಲಿ, ತಂದೆಯೂ ಹೂಂ ಎನ್ನಲಿ.