ಕೇಳುವುದು ಮತ್ತು ಕೇಳಿದಂತೆ ಮಾಡುವುದು

"ತೀರ್ಮಾನ ನಿಮ್ಮ ಚೀಲದಲ್ಲೇ ಇತ್ತಲ್ಲ, ಮತ್ತೆ ನಮ್ಮನ್ನು ಯಾಕೆ ಕೇಳಿದಿರಿ?"

ನಮ್ಮ ಹಿಂದಿ ಟೀಚರ್ ಹೀಗೆಂದಾಗ ನನ್ನ ಬಾಯಿ ಕಟ್ಟಿಹೋಯಿತು. ಸಿಟ್ಟಿನಿಂದ ಕೇಳಿದ್ದರೆ ಏನಾದರೊಂದು ಉತ್ತರ ಕೊಡಬಹುದಿತ್ತು. ಆಕೆ ಊಟದ ಡಬ್ಬಿ ತೊಳೆದು ಮುಚ್ಚಳ ಹಾಕುತ್ತ ಮೆಲ್ಲಗೆ ಕೇಳಿದ್ದರು.

ನಡೆದದ್ದಿಷ್ಟು. ನಮ್ಮ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹಾಜರಿ ಪುಸ್ತಕ ನಿಲ್ಲಿಸಿ ಮೊಬೈಲಿನಲ್ಲೇ ಹಾಜರಿ ಹಾಕಬೇಕೆಂದು ಆಡಳಿತ ಮಂಡಳಿ ತೀರ್ಮಾನಿಸಿತು. ಉಳಿದವರನ್ನು ಒಪ್ಪಿಸುವ ಹೊಣೆ, ಹಿರಿಯಳೆಂದು, ನನ್ನ ಹೆಗಲಿಗೆ ಬಿತ್ತು. ಪಠ್ಯಪುಸ್ತಕ ಬದಲಾದದ್ದು, ಪರೀಕ್ಷಾ ಕ್ರಮ ಬದಲಾದದ್ದು, 2020ರಲ್ಲಿ ಶಾಲೆಯೇ ಮೊಬೈಲಿನೊಳಗೆ ಸೇರಿಕೊಂಡದ್ದು, ಎಲ್ಲವನ್ನೂ ಕಂಡವರು ನಾವು. ಒಂದಕ್ಕೆ ಕೈ ಒಗ್ಗುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ಹೇಗಪ್ಪಾ ಒಪ್ಪಿಸುವುದು ಎಂದು, ಬೆಂಗಳೂರಿನ ಕಂಪನಿಯೊಂದರಲ್ಲಿ ಸಿಬ್ಬಂದಿ ವಿಭಾಗದಲ್ಲಿರುವ ಮಗಳನ್ನು ಕೇಳಿದೆ. "ಅಮ್ಮಾ, ಹೇಳಬೇಡ, ಕೇಳು. ನಮ್ಮನ್ನೂ ಕೇಳಿದರು ಅನ್ನಿಸಿದರೆ ಜನ ಅರ್ಧ ಒಪ್ಪಿದ ಹಾಗೆ" ಎಂದಳು. ಅದಕ್ಕೆ ಆಧಾರವಾಗಿ ಒಂದು ಹಳೆಯ ಪ್ರಯೋಗದ ಕಥೆಯನ್ನೂ ಹೇಳಿದಳು.

ಅಮೆರಿಕದ ವರ್ಜೀನಿಯಾದಲ್ಲಿ, ಮೇರಿಯನ್ ಎಂಬ ಊರಿನಲ್ಲಿ ಹಾರ್ವುಡ್ ಎಂಬ ಪೈಜಾಮ ಕಾರ್ಖಾನೆಯಿತ್ತು. ದುಡಿಯುವವರು ಬಹುಪಾಲು ಹೆಂಗಸರು. ಕೆಲಸದ ಕ್ರಮ ಬದಲಾದಾಗಲೆಲ್ಲ ಉತ್ಪಾದನೆ ಕುಸಿಯುತ್ತಿತ್ತು, ಎಷ್ಟೋ ಜನ ಬಿಟ್ಟುಹೋಗುತ್ತಿದ್ದರು. ಲೆಸ್ಟರ್ ಕೋಚ್, ಜಾನ್ ಫ್ರೆಂಚ್ ಎಂಬಿಬ್ಬರು ಇದನ್ನು ಪರೀಕ್ಷಿಸಿ 1948ರಲ್ಲಿ ಪ್ರಕಟಿಸಿದರು. ಇಸ್ತ್ರಿ ಮಾಡುವ 18 ಮಂದಿಯ ಒಂದು ಗುಂಪು. ಬಟ್ಟೆಗಳನ್ನು ರಟ್ಟಿನ ಮೇಲೆ ಜೋಡಿಸುವ ಬದಲು ಪೆಟ್ಟಿಗೆಯೊಳಗೆ ಜೋಡಿಸಬೇಕು, ಬದಲಾವಣೆ ಅಷ್ಟೇ. ಅವರ ಸಭೆ ಕರೆದು, ಕಾರಣ ಹೇಳಿ, ಹೊಸ ಕೂಲಿ ದರ ವಿವರಿಸಿ ಕಳಿಸಿದರು. ನಲವತ್ತು ದಿನಗಳಲ್ಲಿ ಶೇ. 17ರಷ್ಟು ಮಂದಿ ಕೆಲಸ ಬಿಟ್ಟರು. ಉಳಿದವರ ಕೆಲಸ ಚೇತರಿಸಿಕೊಳ್ಳಲಿಲ್ಲ. ಇನ್ನೆರಡು ಗುಂಪುಗಳಲ್ಲಿ ಎಲ್ಲರನ್ನೂ ಕೂರಿಸಿಕೊಂಡು, "ಖರ್ಚು ಇಳಿಸಲೇಬೇಕಾಗಿದೆ, ಹೇಗೆಂದು ನೀವೇ ಹೇಳಿ" ಎಂದರು. ಬರೆದುಕೊಳ್ಳುವವರಿಗೆ ಕೈ ಸಾಲದಷ್ಟು ಸಲಹೆಗಳು ಬಂದವು. ಅಲ್ಲಿ ಯಾರೂ ಬಿಟ್ಟುಹೋಗಲಿಲ್ಲ. ಕೆಲಸ ಮೊದಲಿಗಿಂತ ಸುಮಾರು ಶೇ. 14ರಷ್ಟು ಹೆಚ್ಚಿತು. ಎರಡೂವರೆ ತಿಂಗಳಾದ ಮೇಲೆ, ಮೊದಲ ಗುಂಪಿನಲ್ಲಿ ಉಳಿದಿದ್ದ 13 ಮಂದಿಯನ್ನೇ ಮತ್ತೆ ಸೇರಿಸಿ, ಈ ಸಲ ಅವರನ್ನೂ ಕೇಳಿ ಹೊಸ ಕೆಲಸ ಕೊಟ್ಟರು. ಅದೇ ಹೆಂಗಸರು ಬೇಗನೆ ಕಲಿತು ಹಳೆಯ ಮಟ್ಟವನ್ನೂ ದಾಟಿದರು. ಅಂದರೆ ಹಟ ಅವರ ಸ್ವಭಾವದಲ್ಲಿರಲಿಲ್ಲ, ಅವರನ್ನು ನಡೆಸಿಕೊಂಡ ರೀತಿಯಲ್ಲಿತ್ತು.

ಕಥೆ ನನಗೆ ಬಹಳ ಹಿಡಿಸಿತು. ಶನಿವಾರ ಸಭೆ ಕರೆದು, "ಹಾಜರಿ ಹೇಗಿರಬೇಕು, ನಿಮ್ಮ ಅಭಿಪ್ರಾಯ ಹೇಳಿ" ಎಂದೆ. ಎಲ್ಲರೂ ಹೇಳಿದರು. ನಾನು ಬರೆದುಕೊಂಡೆ. ಸೋಮವಾರ, ಮೊದಲೇ ಟೈಪಾಗಿ ನನ್ನ ಚೀಲದಲ್ಲಿದ್ದ ಸುತ್ತೋಲೆಯನ್ನು ಸಹಿಗೆ ಕೊಟ್ಟೆ. ಅದರ ಮೇಲಿದ್ದ ತಾರೀಕು ಹಿಂದಿನ ಬುಧವಾರದ್ದು. ಹಿಂದಿ ಟೀಚರ ಕಣ್ಣು ಅಲ್ಲಿಗೇ ಹೋಗಿತ್ತು.

ಆ ರಾತ್ರಿ ನನಗೆ ನೆನಪಾದದ್ದು ಕಾರ್ಖಾನೆಯಲ್ಲ, ನನ್ನ ಮದುವೆ. ಗಂಡಿನ ಕಡೆಯವರಿಗೆ ಮಾತು ಕೊಟ್ಟು ಬಂದ ಅಪ್ಪ ಅಡುಗೆಮನೆಯ ಬಾಗಿಲಲ್ಲಿ ನಿಂತು, "ನಿನಗೆ ಒಪ್ಪಿಗೆ ತಾನೇ?" ಎಂದಿದ್ದರು. ಛತ್ರಕ್ಕೆ ಮುಂಗಡ ಹೋಗಿದೆಯೆಂದು ಅಮ್ಮ ಆಗಲೇ ಹೇಳಿದ್ದಳು. ತಲೆಯಾಡಿಸಿದೆ. ಒಳ್ಳೆಯ ಸಂಸಾರವೇ ಸಿಕ್ಕಿತು, ಆ ಮಾತು ಬೇರೆ. ಆದರೆ ಕೇಳದೆ ಮಾಡಿದ್ದರೆ ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕಾದರೂ ನನಗಿರುತ್ತಿತ್ತು. ಕೇಳಿಬಿಟ್ಟರಲ್ಲ, ಆಗಿಹೋದ ತೀರ್ಮಾನಕ್ಕೆ ನನ್ನ ರುಜುವೂ ಬಿತ್ತು. ನಮ್ಮಲ್ಲಿ ಎಷ್ಟು ಹೆಂಗಸರ 'ಹೂಂ' ಇಂಥದ್ದು, ನೀವೇ ಹೇಳಿ. ಅದನ್ನೇ ನಾನು ನನ್ನ ಜೊತೆಯವರಿಗೆ ಮಾಡಿದ್ದೆ, ಅದೂ ಮನಶ್ಶಾಸ್ತ್ರದ ಹೆಸರಿನಲ್ಲಿ.

ಹಾಗಾದರೆ ಆ ಕಾರ್ಖಾನೆಯವರು ಮಾಡಿದ್ದೂ ಇದೇ ತಾನೇ ಎಂದು ನೀವು ಕೇಳಬಹುದು. ಖರ್ಚು ಇಳಿಸಬೇಕೆಂದು ಅವರೂ ಮೊದಲೇ ನಿರ್ಧರಿಸಿದ್ದರು. ನಿಜ. ಆದರೆ ಅದನ್ನು ಅವರು ಮುಚ್ಚಿಡಲಿಲ್ಲ. ಗಟ್ಟಿಯಾದದ್ದು ಇದು, ಇನ್ನೂ ನಿಮ್ಮ ಕೈಯಲ್ಲಿರುವುದು ಇದು ಎಂದು ಗೆರೆ ಎಳೆದು ಹೇಳಿದರು. ಎಲ್ಲವನ್ನೂ ಎಲ್ಲರನ್ನೂ ಕೇಳಿ ಮಾಡಲಾಗುವುದಿಲ್ಲ. 2020ರಲ್ಲಿ ಶಾಲೆ ಮುಚ್ಚುವಾಗ ನಮ್ಮನ್ನಾರೂ ಕೇಳಲಿಲ್ಲ, ನಮಗೂ ಬೇಸರವಾಗಲಿಲ್ಲ. ಕೇಳದಿರುವುದು ಕೆಲವೊಮ್ಮೆ ಅನಿವಾರ್ಯ. ಉತ್ತರ ಏನು ಬಂದರೂ ಏನೂ ಬದಲಾಗದು ಎಂದು ಗೊತ್ತಿದ್ದೂ ಕೇಳುವುದಿದೆಯಲ್ಲ, ಅದು ಮೋಸ.

ಮರುದಿನ ಹಿಂದಿ ಟೀಚರ ಪಕ್ಕದಲ್ಲಿ ಕೂತು ಹೇಳಿದೆ: "ಮೊಬೈಲ್ ಹಾಜರಿ ಬರುವುದು ಖಂಡಿತ, ಅದು ನನ್ನ ಕೈಯಲ್ಲಿಲ್ಲ. ಮೊದಲೇ ಹಾಗೆಂದು ಹೇಳದಿದ್ದುದು ನನ್ನ ತಪ್ಪು. ಹೇಗೆ, ಯಾವಾಗ ಹಾಕುವುದು ಎನ್ನುವುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ."

ಆಕೆ ಮಾತಾಡದೆ ತಮ್ಮ ಹಾಜರಿ ಪುಸ್ತಕ ತೆರೆದರು. ಹೆಸರುಗಳ ಪಕ್ಕದಲ್ಲಿ ಪೆನ್ಸಿಲಿನ ಸಣ್ಣ ಅಕ್ಷರಗಳು: ಯಾರದು ಯಾವ ಬಸ್ಸು, ಯಾರ ತಾಯಿಗೆ ಕಾಯಿಲೆ, ಸಂತೆಯ ದಿನ ಯಾರು ಬರುವುದಿಲ್ಲ. "ಹಳ್ಳಿ ಬಸ್ಸು ತಡವಾದರೆ ಮೊದಲ ಪೀರಿಯಡ್ಡಿನಲ್ಲೇ ಗೈರು ಬೀಳುತ್ತದೆ. ಮನೆಗೆ ಸಂದೇಶ ಹೋಗುತ್ತದೆ. ಹುಡುಗಿ ಎಲ್ಲಿಗೆ ಹೋದಳು ಎಂದು ರಂಪ ಮಾಡಿ ಸ್ಕೂಲೇ ಬಿಡಿಸುವ ಅಪ್ಪಂದಿರಿದ್ದಾರೆ" ಎಂದರು.

ನನಗಿದು ಹೊಳೆದಿರಲಿಲ್ಲ ಎನ್ನಲು ಬಾಯಿ ತೆರೆದವಳು ಸುಮ್ಮನಾದೆ. ಮನೆಗೆ ಹೋಗಿ ಶನಿವಾರದ ನೋಟ್ಸು ತೆಗೆದು ನೋಡಿದೆ. ಅವರ ಹೆಸರಿನ ಮುಂದೆ 'ಬಸ್ಸು ತಡ, ಗೈರು, ಮನೆಯಲ್ಲಿ ತೊಂದರೆ' ಎಂದು ನನ್ನದೇ ಅಕ್ಷರದಲ್ಲಿತ್ತು. ಬರೆದುಕೊಂಡಿದ್ದೆ, ಕೇಳಿಸಿಕೊಂಡಿರಲಿಲ್ಲ.

ಮಂಡಳಿಯವರೊಂದಿಗೆ ಮಾತಾಡಿದೆ. ಈಗ ಹಾಜರಿ ಎರಡನೆಯ ಪೀರಿಯಡ್ಡಿನಲ್ಲಿ, ಮೊಬೈಲಿನಲ್ಲೇ. ಪೆನ್ಸಿಲಿನ ಟಿಪ್ಪಣಿಗಳಿಗೆ ಹಿಂದಿ ಟೀಚರ್ ಬೇರೊಂದು ಪುಸ್ತಕ ಮಾಡಿಕೊಂಡಿದ್ದಾರೆ. ನಾನು ಏನಾದರೂ ಅಭಿಪ್ರಾಯ ಕೇಳಲು ಹೋದರೆ ಕನ್ನಡಕದ ಮೇಲಿಂದ ನೋಡಿ, "ಇದು ಕೇಳುವುದೋ, ಹೇಳುವುದೋ?" ಎನ್ನುತ್ತಾರೆ. ಎಷ್ಟೋ ಸಲ "ಹೇಳುವುದು" ಎಂದೇ ಉತ್ತರಿಸಬೇಕಾಗುತ್ತದೆ. ಆಗ ಆಕೆ ಪೆನ್ನಿನ ಮುಚ್ಚಳ ತೆಗೆದು, "ಸರಿ, ಎಲ್ಲಿ ಸಹಿ ಹಾಕಬೇಕು?" ಎನ್ನುತ್ತಾರೆ.