ಮೀನಿನ ತೊಟ್ಟಿ, ಫರ್ಸಿ ನೆಲ, ಪ್ರಮಾದ
ಮರದ ನೆಲ ನೀರು ಕುಡಿದರೆ ಉಬ್ಬುತ್ತದೆ. ಚಂದಾಪುರ, ಸೇಡಂ, ವಾಡಿ ಕಡೆಯ ಮನೆಗಳ ಶಹಾಬಾದ್ ಫರ್ಸಿ ಉಬ್ಬುವುದಿಲ್ಲ. ಆದರೆ ಮೀನಿನ ತೊಟ್ಟಿಯಿಂದ ತುಳುಕಿದ ಗಡಸು ನೀರು ಅಲ್ಲೇ ಆರಿದರೆ ಬಿಳಿ ಕಲೆ ಕೂರುತ್ತದೆ. ಕಲೆಗೆ ನಿಂಬೆಹುಳಿ ಉಜ್ಜುವುದು ಇನ್ನೂ ಕೆಟ್ಟದ್ದು: ಫರ್ಸಿ ಸುಣ್ಣಕಲ್ಲು, ಹುಳಿ ಅದನ್ನೇ ತಿನ್ನುತ್ತದೆ. ತೊಟ್ಟಿಯಡಿ ಅಂಚಿರುವ ತಟ್ಟೆ, ಪಕ್ಕದಲ್ಲೊಂದು ಒಣಬಟ್ಟೆ ಸಾಕು.

ನೆಲಕ್ಕೇ ಇಷ್ಟು ಎಚ್ಚರವಾದರೆ ಮೀನಿಗೆಷ್ಟು? ಇದನ್ನು ಅಳೆಯಲು ಜೈನರ ಮಾತು ನೆರವಾಗುತ್ತದೆ. ಸೇಡಂ ತಾಲ್ಲೂಕಿನ ಮಳಖೇಡ, ರಾಷ್ಟ್ರಕೂಟರ ಮಾನ್ಯಖೇಟ, ಜೈನ ಚಿಂತನೆಯ ದೊಡ್ಡ ನೆಲೆಯಾಗಿತ್ತು. ಜೈನರ ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯೆಂದರೆ ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಒದಗುವ ಹಾನಿ. ಅಹಿಂಸಾವ್ರತದ ಐದು ಅತಿಚಾರಗಳಲ್ಲಿ, ಅಂದರೆ ವ್ರತಕ್ಕೆ ತಗಲುವ ದೋಷಗಳಲ್ಲಿ, ಮೊದಲನೆಯದೇ ಬಂಧ, ಜೀವಿಯನ್ನು ಕಟ್ಟಿಹಾಕುವುದು. ಈ ಅಳತೆಗೆ ಚೆಲ್ಲಿದ ನೀರು ಸಣ್ಣ ಮಾತು, ಗಾಜಿನ ಗೋಡೆ ದೊಡ್ಡದು. ಹೊತ್ತುಹೊತ್ತಿಗೆ ಕಾಳು ಹಾಕಿದರೂ ಬಂಧ ಕರಗದು. ಅನ್ನನೀರು ತಡೆಯುವುದು ಅದೇ ಪಟ್ಟಿಯ ಐದನೆಯ ದೋಷ, ಅದರ ಲೆಕ್ಕ ಬೇರೆ.